ಉತ್ಸಾಹ ಇಳಿದ ಮೇಲೆ: ಕರಾವಳಿಯ ಕ್ರೈಸ್ತ ವಿಶ್ವಾಸದ ದೀರ್ಘ ನಡೆ

(ಮಣಿಪಾಲದಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ಧರ್ಮದ ವಿಚಾರ ಬಂದಾಗ ನಾವು ಆರಂಭದ ಕಥೆಗಳನ್ನು ಬಹಳ ಚೆನ್ನಾಗಿ ಹೇಳುತ್ತೇವೆ. ದಮಸ್ಕದ ದಾರಿಯಲ್ಲಿ ಬೆಳಕು ಕಂಡು ನೆಲಕ್ಕುರುಳಿದ ಸೌಲನ ಕಥೆ ಭಾನುವಾರದ ಶಾಲೆಯ ಮಕ್ಕಳಿಗೂ ಗೊತ್ತು. ಆ ಬೆಳಕಿನ ನಂತರ ಅವನು ಅರೇಬಿಯಕ್ಕೆ ಹೋದದ್ದು, ಜೆರುಸಲೇಮಿನ ಹಿರಿಯರನ್ನು ನೋಡಲು ಮೂರು ವರ್ಷ ಕಳೆದದ್ದು, ಆಮೇಲೆ ತಾರ್ಸದಲ್ಲಿ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಇದ್ದದ್ದು ಎಷ್ಟು ಜನರಿಗೆ ನೆನಪಿದೆ? ಬೈಬಲ್ಲೇ ಆ ವರ್ಷಗಳನ್ನು ಒಂದೆರಡು ಸಾಲಿನಲ್ಲಿ ದಾಟಿಬಿಡುತ್ತದೆ. ನನ್ನ ಇಂದಿನ ಮಾತು ಆ ಒಂದೆರಡು ಸಾಲಿನ ಬಗ್ಗೆ.

1. ಮಳೆ ಸಾಲದ್ದಕ್ಕೆ ಒಣಗಿದ್ದಲ್ಲ

ಮಣಿಪಾಲಕ್ಕೆ ಪ್ರತಿ ವರ್ಷ ಸಾವಿರಾರು ಮಕ್ಕಳು ಓದಲು ಬರುತ್ತಾರೆ. ಕೇರಳದಿಂದ, ಗೋವದಿಂದ, ಈಶಾನ್ಯದ ರಾಜ್ಯಗಳಿಂದ ಬರುವ ಕ್ರೈಸ್ತ ಹುಡುಗ ಹುಡುಗಿಯರು ಅವರಲ್ಲಿ ಬೇಕಾದಷ್ಟಿದ್ದಾರೆ. ಕೆಲವರು ಪಿಯುಸಿ ಮುಗಿದ ರಜೆಯಲ್ಲಿ ಪೋಟ್ಟದ ಧ್ಯಾನಕೇಂದ್ರಕ್ಕೋ ನಮ್ಮ ಮುಲ್ಕಿಯ ಡಿವೈನ್ ಕಾಲ್ ಸೆಂಟರಿಗೋ ಹೋಗಿ, ಅತ್ತು, ಹಾಡಿ, ಹಗುರಾಗಿ ಬಂದಿರುತ್ತಾರೆ. ಮೊದಲ ಸೆಮಿಸ್ಟರಿನಲ್ಲಿ ಬೈಬಲ್ ತಲೆದಿಂಬಿನ ಪಕ್ಕದಲ್ಲಿರುತ್ತದೆ. ಎರಡನೆಯದರಲ್ಲಿ ಮೇಜಿನ ಮೇಲೆ, ಲ್ಯಾಬ್ ರೆಕಾರ್ಡಿನ ಅಡಿಯಲ್ಲಿ. ಶನಿವಾರ ರಾತ್ರಿ ಎರಡರವರೆಗೆ ಸೆಷನಲ್‌ಗೆ ಓದಿದವರಿಗೆ ಭಾನುವಾರದ ಏಳು ಗಂಟೆಯ ಪೂಜೆ ದೂರದ ಊರಿನಷ್ಟು ದೂರ. ಯಾರೂ ಜಗಳವಾಡಿ ವಿಶ್ವಾಸ ಬಿಡುವುದಿಲ್ಲ. ದೇವರಿಲ್ಲ ಎಂದು ವಾದಿಸಿ ಬಿಡುವವರಂತೂ ಇನ್ನೂ ಕಡಿಮೆ. ಸುಮ್ಮನೆ ಕೈ ಸಡಿಲವಾಗುತ್ತದೆ, ಅಷ್ಟೆ.

ಬಿತ್ತುವವನ ಸಾಮತಿಯಲ್ಲಿ ಯೇಸು ಈ ಸಂಗತಿಯನ್ನು ನೇರವಾಗಿ ಹೇಳಿದ್ದಾನೆ. ಬಂಡೆಯ ಮೇಲಿನ ತೆಳು ಮಣ್ಣಿನಲ್ಲಿ ಬಿದ್ದ ಬೀಜ ಎಲ್ಲಕ್ಕಿಂತ ಬೇಗ ಮೊಳೆಯುತ್ತದೆ, ಬಿಸಿಲೇರಿದಾಗ ಬಾಡುತ್ತದೆ. ಈ ಸಾಮತಿಯನ್ನು ಅರ್ಥ ಮಾಡಿಕೊಳ್ಳಲು ಮಣಿಪಾಲದವರು ಪ್ಯಾಲೆಸ್ತೀನಿಗೆ ಹೋಗಬೇಕಾಗಿಲ್ಲ. ಈ ಊರು ನಿಂತಿರುವುದೇ ಮುರಕಲ್ಲಿನ ಗುಡ್ಡದ ಮೇಲೆ. ಜೂನ್‌ನಲ್ಲಿ ಮಳೆ ಹಿಡಿದ ಕೆಲವೇ ದಿನಗಳಲ್ಲಿ ಪಾದೆಯ ಮೇಲೆಲ್ಲ ಹಸಿರು; ದೀಪಾವಳಿ ದಾಟುವಾಗ ಅದೇ ಪಾದೆಯಲ್ಲಿ ದನ ಮೂಸದ ಒಣಹುಲ್ಲು. ಮಳೆಗೇನು ಇಲ್ಲಿ ಬರವೇ? ಬೇರು ಇಳಿಯಲು ಜಾಗವಿರಲಿಲ್ಲ. ಸಾಮತಿಯಲ್ಲಿ ಯೇಸು ಬೀಜವನ್ನೂ ದೂರಲಿಲ್ಲ, ಬೇಗ ಮೊಳೆತದ್ದನ್ನೂ ದೂರಲಿಲ್ಲ. ಹಾಗಿದ್ದ ಮೇಲೆ ಬತ್ತಿದ ಉತ್ಸಾಹಕ್ಕೆ ಇನ್ನಷ್ಟು ಉತ್ಸಾಹ ಸುರಿಯುವುದು, ಒಂದು ಧ್ಯಾನಕೂಟದ ಬಿಸಿ ಆರಿತೆಂದು ಮತ್ತೊಂದಕ್ಕೆ ಓಡುವುದು ಮದ್ದಾಗಲಾರದು. ಮಣ್ಣು ಎಲ್ಲಿಂದ ಬರುತ್ತದೆ ಎಂದು ಕೇಳಬೇಕು. ನಮ್ಮ ಕರಾವಳಿಯ ಚರಿತ್ರೆ ಅದಕ್ಕೆ ಕೊಡುವ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಇನ್ನೊಬ್ಬರಿಗೆ ಬೇಕಾದ ವಿಶ್ವಾಸ ಹಳಸುವುದಿಲ್ಲ. ನಮ್ಮೊಳಗಿನ ಅನುಭವವಾಗಿಯೇ ಉಳಿದದ್ದು ಬೇಗ ಹಳಸುತ್ತದೆ.

2. ಕೌಂಡಿನ್ಯರ ನಲವತ್ತೊಂಬತ್ತು ವರ್ಷ

ಬಾಸೆಲ್ ಮಿಷನ್ನಿನ ಮೊದಲ ಮೂವರು ಮಿಷನರಿಗಳು ಮಂಗಳೂರಿಗೆ ಬಂದಿಳಿದದ್ದು 1834ರಲ್ಲಿ. ಹತ್ತು ವರ್ಷ ಕಳೆದು, 1844ರಲ್ಲಿ, ಅದೇ ಮಿಷನ್ನಿನ ಹೆರ್ಮನ್ ಮೋಗ್ಲಿಂಗರ ಶಾಲೆಯಲ್ಲಿ ಕಲಿತ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ತರುಣರು ಇಬ್ಬರು ಗೆಳೆಯರೊಂದಿಗೆ ದೀಕ್ಷಾಸ್ನಾನ ಪಡೆದರು. ಮಂಗಳೂರು ಅಲ್ಲೋಲಕಲ್ಲೋಲವಾಯಿತು. ಮನೆ, ಜಾತಿ, ಬಂಧು ಬಳಗ ಎಲ್ಲ ಒಂದೇ ದಿನದಲ್ಲಿ ಕಡಿದುಹೋದವು. ಪತ್ನಿ ಅವರ ಜೊತೆ ಬರಲಿಲ್ಲ. ಮೋಗ್ಲಿಂಗರ ಮೇಲಿನ ಗೌರವದಿಂದ ಅವರ ಹೆಸರನ್ನೇ ತಮ್ಮ ಹೆಸರಿಗೆ ಸೇರಿಸಿಕೊಂಡರು: ಹೆರ್ಮನ್ ಆನಂದರಾವ್ ಕೌಂಡಿನ್ಯ.

ಮಿಷನ್ ಚರಿತ್ರೆ ಬರೆದವರೆಲ್ಲ ಈ ಘಟನೆಯನ್ನು ವಿವರವಾಗಿ ಬರೆದಿದ್ದಾರೆ. ನನಗೆ ಅದಕ್ಕಿಂತ ಕುತೂಹಲವಿರುವುದು ಮುಂದಿನ ನಲವತ್ತೊಂಬತ್ತು ವರ್ಷಗಳ ಬಗ್ಗೆ. ಕೌಂಡಿನ್ಯರು ಬಾಸೆಲ್‌ಗೆ ಹೋಗಿ ದೇವಶಾಸ್ತ್ರ ಓದಿದರು, 1851ರಲ್ಲಿ ಬೋಧಕ ದೀಕ್ಷೆ ಪಡೆದು ಮರಳಿದರು, ಮಂಗಳೂರಿನ ಸೆಮಿನರಿಯಲ್ಲಿ ಪಾಠ ಹೇಳಿದರು, 1860ರಲ್ಲಿ ಮರೀ ರೈನ್‌ಹಾರ್ಟ್ ಎಂಬ ಜರ್ಮನ್ ಮಹಿಳೆಯನ್ನು ಮದುವೆಯಾದರು. ಕೊನೆಗೆ ಅವರ ಬದುಕು ಸೇರಿದ್ದು ಕೊಡಗಿನ ಆನಂದಪುರವನ್ನು. ಅದು ಜೀತದಲ್ಲಿ ದುಡಿದು ಬಂದ ದಲಿತ ಕುಟುಂಬಗಳು ಕ್ರೈಸ್ತರಾಗಿ ನೆಲೆ ನಿಂತ ಊರು. 1893ರಲ್ಲಿ ಅವರು ತೀರಿಕೊಂಡದ್ದೂ ಅಲ್ಲೇ.

ಜಾತಿಯ ಏಣಿಯ ತುದಿಯಲ್ಲಿ ಹುಟ್ಟಿದವರೊಬ್ಬರು ಏಣಿಯ ಬುಡಕ್ಕೂ ಸೇರಿಸದೆ ದೂರ ಇಟ್ಟವರ ನಡುವೆ ಮುದುಕರಾದರು. ದೀಕ್ಷಾಸ್ನಾನಕ್ಕೆ ಒಂದು ದಿನದ ಧೈರ್ಯ ಸಾಕಾಯಿತು. ಆನಂದಪುರಕ್ಕೆ ಬೇಕಾದದ್ದು ಬೇರೆ ಬಗೆಯ ಧೈರ್ಯ. ಕಾಫಿ ತೋಟದ ಲೆಕ್ಕ, ಮಕ್ಕಳ ಶಾಲೆ, ಜ್ವರ ಬಂದವರ ಮನೆ, ಭಾನುವಾರದ ಪ್ರಸಂಗ: ಇಂಥ ಕೆಲಸದ ನಡುವೆ ನನ್ನ ವಿಶ್ವಾಸ ಇವತ್ತು ಬಿಸಿಯಾಗಿದೆಯೋ ತಣ್ಣಗಿದೆಯೋ ಎಂದು ನೋಡುತ್ತ ಕೂರಲು ಪುರುಸೊತ್ತು ಎಲ್ಲಿಯದು? ಆ ಪುರುಸೊತ್ತು ಇಲ್ಲದ್ದೇ ಅವರನ್ನು ಕಾಪಾಡಿತು ಎಂದು ನನ್ನ ಊಹೆ.

3. ಗುರುಗಳಿಲ್ಲದ ಹದಿನೈದು ವರ್ಷ

ಇನ್ನೊಂದು ಕಥೆ ಕಾರ್ಕಳದ ಅತ್ತೂರಿನದು. ಸಂತ ಲಾರೆನ್ಸರ ಆ ಚರ್ಚ್ 2016ರಲ್ಲಿ ಬಸಿಲಿಕಾ ಆಯಿತು. ಜನವರಿಯ ಸಾಂತ್‌ಮಾರಿ ಜಾತ್ರೆಗೆ ಹಿಂದೂ, ಜೈನ, ಮುಸ್ಲಿಂ ಎಂಬ ಭೇದವಿಲ್ಲದೆ ಜನ ಸೇರುವುದನ್ನು ನೀವೆಲ್ಲ ನೋಡಿದ್ದೀರಿ. ಆ ಜಾತ್ರೆಯ ಗದ್ದಲದಲ್ಲಿ ಮರೆಯಾಗುವ ಒಂದು ಸಂಗತಿ ಇದೆ. ಅಲ್ಲಿನ ಮೊದಲ ಚರ್ಚ್ 1759ರದು. 1784ರಲ್ಲಿ ಎರಡನೆಯ ಆಂಗ್ಲೋ-ಮೈಸೂರು ಯುದ್ಧ ಮುಗಿಯುವ ಹೊತ್ತಿಗೆ, ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪು ಸುಲ್ತಾನ್ ಕೆನರಾದ ಕ್ರೈಸ್ತರನ್ನು ಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಚರ್ಚುಗಳು ನೆಲಸಮವಾದವು, ಪಾದ್ರಿಗಳು ಗಡೀಪಾರಾದರು. ಸೆರೆಯಾದವರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಹೆಚ್ಚಿನ ಅಂದಾಜುಗಳು ಹತ್ತಾರು ಸಾವಿರವೆನ್ನುತ್ತವೆ. ಬಿಡುಗಡೆ ಆದದ್ದು 1799ರ ಮೇ ತಿಂಗಳಲ್ಲಿ, ಟಿಪ್ಪು ಮಡಿದ ಮೇಲೆ.

ನಡುವೆ ಹದಿನೈದು ವರ್ಷ. ಹುಟ್ಟಿದ ಮಗು ಪೂಜೆಯೆಂದರೆ ಏನೆಂದು ಕಾಣದೆ ಹದಿನೈದರ ಹುಡುಗನಾಗುವಷ್ಟು ಕಾಲ. ಬಲವಂತಕ್ಕೋ ದಣಿವಿಗೋ ಬೇರೆ ಧರ್ಮಕ್ಕೆ ಹೋದವರೂ ಅವರಲ್ಲಿದ್ದರು. ಅವರನ್ನು ಮತ್ತೆ ಕೂಡಿಸಲು ಆ ಬಳಿಕ ಶ್ರೀರಂಗಪಟ್ಟಣಕ್ಕೆ ಹೋದವರಲ್ಲಿ ಫ್ರೆಂಚ್ ಮಿಷನರಿ ಆಬೆ ದ್ಯುಬುವಾ ಒಬ್ಬರು. ಹಾಗೆ ಬಿಟ್ಟುಹೋದವರ ಮೇಲೆ ತೀರ್ಪು ಕೊಡಲು ನಾವ್ಯಾರು? ಉಳಿದುಕೊಂಡವರು ಹೇಗೆ ಉಳಿದರು ಎಂಬುದು ನಮ್ಮ ಪ್ರಶ್ನೆ. ಹಬ್ಬವಿಲ್ಲ, ಮೆರವಣಿಗೆಯಿಲ್ಲ, ಪ್ರಸಂಗವಿಲ್ಲ. ತಾಯಿ ಮಗುವಿಗೆ ಬಾಯಿಪಾಠ ಹೇಳಿಕೊಡಬಹುದಾದಷ್ಟು ಪ್ರಾರ್ಥನೆ ಮಾತ್ರ ಕೈಯಲ್ಲಿತ್ತು. ತಾನು ಹೇಳಿಕೊಡದಿದ್ದರೆ ಈ ಮಗುವಿಗೆ ಬೇರೆ ಯಾರೂ ಹೇಳಿಕೊಡುವವರಿಲ್ಲ ಎಂಬ ಸ್ಥಿತಿ ಬಂದಾಗ, ಪ್ರಾರ್ಥನೆ ತನಗೆ ರುಚಿಸುತ್ತದೆಯೋ ಇಲ್ಲವೋ ಎಂಬ ಮಾತು ಹಿಂದೆ ಸರಿಯುತ್ತದೆ. ಮರಳಿ ಬಂದವರು 1801ರಲ್ಲಿ ಅತ್ತೂರಿನಲ್ಲಿ ಮತ್ತೆ ಚರ್ಚ್ ಕಟ್ಟಿದರು. ಸಂತರ ಮರದ ಮೂರ್ತಿಯನ್ನು ಹೊತ್ತು ಜಾಗ ಹುಡುಕುತ್ತ ಹೋದಾಗ ಒರತೆಯ ಬಳಿ ಅದು ಮೇಲೇಳದೆ ಕೂತಿತೆಂದು ಐತಿಹ್ಯ ಹೇಳುತ್ತದೆ.

ನಮ್ಮ ಪ್ರೊಟೆಸ್ಟೆಂಟ್ ಸಭೆಗಳಿಗೂ ಇಂಥದೊಂದು ಪರೀಕ್ಷೆ ಬಂತು. 1914ರಲ್ಲಿ ಮಹಾಯುದ್ಧ ಶುರುವಾದಾಗ ಜರ್ಮನ್ ಮಿಷನರಿಗಳು ಶತ್ರುದೇಶದ ಪ್ರಜೆಗಳಾಗಿ ಬಂಧನಕ್ಕೊಳಗಾಗಿ, ಆಮೇಲೆ ದೇಶ ಬಿಟ್ಟರು. ಮಲ್ಪೆಯದೂ ಸೇರಿ ಮಿಷನ್ನಿನ ಹಂಚಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಅನ್ನ ಕೊಟ್ಟವರೂ ವಾಕ್ಯ ಹೇಳಿದವರೂ ಒಟ್ಟಿಗೇ ಹೋದ ಮೇಲೆ, ಉಡುಪಿ, ಮಲ್ಪೆ, ಕಾರ್ಕಳ, ಮುಲ್ಕಿಯ ಸಭೆಗಳಲ್ಲಿ ಪೀಠ ಹತ್ತಿದವರು ಊರಿನವರೇ ಆದ ಸಭಾಪಾಲಕರು, ಉಪದೇಶಿಗಳು. ಕನ್ನಡ, ತುಳು ಹಾಡುಗಳು ನಿಲ್ಲಲಿಲ್ಲ. ಜರ್ಮನಿಯಿಂದ ಬಂದ ಆ ರಾಗಗಳು ಅಷ್ಟು ಹೊತ್ತಿಗೆ ಇಲ್ಲಿನ ಗಂಟಲಿಗೆ ಒಗ್ಗಿ ನಮ್ಮವೇ ಆಗಿದ್ದವು.

4. ತೇರ್ಸ್ ಮತ್ತು ತೆನೆ

ರೂಢಿ ಎಂದರೆ ವಿಶ್ವಾಸದ ಶತ್ರು ಎಂದು ಯುವಕರು ಹೇಳುವುದನ್ನು ಕೇಳಿದ್ದೇನೆ. ಬಾಯಿಪಾಠದ ಪ್ರಾರ್ಥನೆ ಗಿಳಿಪಾಠ, ಮನಸ್ಸಿದ್ದಾಗ ಮಾಡುವುದೇ ನಿಜವಾದ ಪ್ರಾರ್ಥನೆ ಎಂಬುದು ಅವರ ವಾದ. ಅದರಲ್ಲಿ ಹುರುಳಿಲ್ಲವೆನ್ನಲಾರೆ. ಆದರೆ ಶಿರ್ವದ ಕಡೆಯ ಒಂದು ಕೊಂಕಣಿ ಕೆಥೊಲಿಕ್ ಮನೆಯ ಸಂಜೆಯನ್ನು ಒಮ್ಮೆ ಹತ್ತಿರದಿಂದ ನೋಡಿ.

ಏಳೂವರೆಗೆ ಟಿವಿ ಆರುತ್ತದೆ, ಅಲ್ತಾರಿನ ಮುಂದೆ ಮೇಣದಬತ್ತಿ ಹೊತ್ತಿಕೊಳ್ಳುತ್ತದೆ, ಜಪಸರದ ಪ್ರಾರ್ಥನೆಯಾದ ತೇರ್ಸ್ ಶುರುವಾಗುತ್ತದೆ. ಕುಕ್ಕರ್ ಮೂರನೇ ಸಲ ಕೂಗಿದಾಗ ಅಮ್ಮ ಎದ್ದು ಹೋಗಿ ತನ್ನ ಪಾಲಿನ ‘ನಮಾನ್ ಮರಿಯೆ’ಯನ್ನು ಅಡುಗೆಮನೆಯಿಂದಲೇ ಮುಗಿಸುತ್ತಾಳೆ. ಚಿಕ್ಕವನು ಗೋಡೆಗೊರಗಿ ತೂಕಡಿಸುತ್ತಾನೆ. ಭಕ್ತಿಯ ಚಿತ್ರ ಬರೆಯುವವರು ಇದನ್ನು ಬರೆಯಲಾರರು. ತೀರಿಹೋದವರಿಗೆ, ದುಬೈಯಲ್ಲಿರುವ ದೊಡ್ಡ ಮಗನಿಗೆ, ಪಕ್ಕದ ಮನೆಯ ಕಾಯಿಲೆಯವರಿಗೆ ಒಂದೊಂದು ಪ್ರಾರ್ಥನೆ ಆದ ಮೇಲೆ ಎಲ್ಲರೂ ಹಿರಿಯರಿಂದ ಬೆಸಾಂವ್ ಕೇಳಬೇಕು. ಕಿರಿಯರು ಕೈ ಜೋಡಿಸಿ ಒಬ್ಬೊಬ್ಬ ಹಿರಿಯರ ಮುಂದೆ ನಿಲ್ಲುತ್ತಾರೆ, ಹಿರಿಯರು ಆಶೀರ್ವದಿಸುತ್ತಾರೆ. ಮಧ್ಯಾಹ್ನ ಮೀನುಸಾರಿನ ಉಪ್ಪಿನ ಮೇಲೆ ಅತ್ತೆ ಸೊಸೆಗೆ ಮಾತು ಬೆಳೆದಿದ್ದರೆ, ಸಂಜೆ ಇಬ್ಬರೂ ಎದುರುಬದುರು ಬರಲೇಬೇಕು. ಮುಖ ಗಂಟಿಕ್ಕಿಕೊಂಡು ಬೆಸಾಂವ್ ಬೇಡಲಾಗದು. ಬೇಡಿದವಳಿಗೆ ಇಲ್ಲವೆನ್ನಲೂ ಆಗದು. ಐವತ್ತು ಮಣಿಗಳನ್ನು ಗಿಳಿಯಂತೆ ಹೇಳಿದರೂ ಕೊನೆಯ ಆ ಒಂದು ನಿಮಿಷ ಗಿಳಿಪಾಠವಾಗುವುದಿಲ್ಲ. ರೂಢಿ ಉಳಿಯುವುದು ಅದರೊಳಗೆ ಇನ್ನೊಬ್ಬರ ಮುಖ ನೋಡಬೇಕಾದ ಒಂದು ಕ್ಷಣವಿದ್ದಾಗ.

ಸೆಪ್ಟೆಂಬರ್ 8ರ ಮೊಂತಿ ಹಬ್ಬವನ್ನೂ ಹೀಗೇ ನೋಡಬಹುದು. ಒಂಬತ್ತು ದಿನ ಮಕ್ಕಳು ತಟ್ಟೆ ತುಂಬ ಹೂ ತಂದು ಮರಿಯಮ್ಮನ ಮೂರ್ತಿಗೆ ಎರಚುತ್ತಾರೆ. ಹಬ್ಬದ ದಿನ ಹೊಸ ತೆನೆಗೆ ಆಶೀರ್ವಾದವಾಗಿ ಮನೆ ಮನೆಗೆ ಹಂಚಿಕೆಯಾಗುತ್ತದೆ. ತೆನೆಯ ಕಾಳು ಸುಲಿದು, ಪುಡಿ ಮಾಡಿ, ಹಾಲಿಗೋ ಪಾಯಸಕ್ಕೋ ಸೇರಿಸಿ ಮನೆಯ ಹಿರಿಯರು ಎಲ್ಲರಿಗೂ ಕೊಡುತ್ತಾರೆ. ಊಟಕ್ಕೆ ಅಂದು ಮೀನು ಮಾಂಸವಿಲ್ಲ. ಮುಂಬೈಗೆ, ಕೊಲ್ಲಿ ದೇಶಗಳಿಗೆ ಲಕೋಟೆಯೊಳಗೆ ನಾಲ್ಕು ಕಾಳು ಕಳಿಸುವ ಪದ್ಧತಿ ಅನೇಕ ಮನೆಗಳಲ್ಲಿದೆ. ಈಗ ಗದ್ದೆಗಳು ಹಡಿಲು ಬಿದ್ದಿವೆ. ತೆನೆಗಾಗಿ ಎಲ್ಲಿ ಹೋಗುವುದೆಂದು ಚರ್ಚಿನವರು ಮುಂಚಿತವಾಗಿ ಯೋಚಿಸಬೇಕಾಗಿದೆ. ಹಬ್ಬಕ್ಕೆಂದೇ ಒಂದು ತುಂಡು ನೆಲದಲ್ಲಿ ಭತ್ತ ಬಿತ್ತುವವರಿದ್ದಾರೆ. ಈ ಯೋಚನೆ ಒಳ್ಳೆಯದೇ. ಕೈಗೆ ಕೆಸರು ಹತ್ತಿಸಿಕೊಂಡವರಿಗೆ ಆ ಹಬ್ಬ ಬೇಗ ಬೇಸರ ತರಿಸದು.

5. ಒಣಗಿದ ದಿನಗಳಲ್ಲಿ

ಇಷ್ಟೆಲ್ಲ ಇದ್ದೂ ಒಣ ದಿನಗಳು ಬರುತ್ತವೆ. ಪ್ರಾರ್ಥನೆಗೆ ಕೂತರೆ ಗೋಡೆಗೆ ಮಾತಾಡಿದಂತೆ. ಹದಿನಾರನೆಯ ಶತಮಾನದಲ್ಲೇ ಇದರ ಬಗ್ಗೆ ವಿವರವಾಗಿ ಯೋಚಿಸಿದವರು ಇಗ್ನೇಷಿಯಸ್ ಲೊಯೋಲ. ಅವರ ಯೇಸುಸಭೆಯವರು ಮಂಗಳೂರಿಗೆ ಬಂದದ್ದು 1878ರ ಕೊನೆಯಲ್ಲಿ. ಸಂತ ಅಲೋಶಿಯಸ್ ಕಾಲೇಜು 1880ರದು. ಇಗ್ನೇಷಿಯಸ್ ಕೊಟ್ಟ ಸೂಚನೆ ಸರಳ: ಮನಸ್ಸು ಬತ್ತಿದ ಕಾಲದಲ್ಲಿ, ಅದು ತುಂಬಿದ್ದಾಗ ಮಾಡಿದ ನಿರ್ಧಾರವನ್ನು ಬದಲಿಸಬೇಡಿ. ಗಂಟೆಯ ಪ್ರಾರ್ಥನೆಯನ್ನು ಮೊದಲೇ ಮುಗಿಸಿ ಏಳಬೇಕೆನಿಸಿದರೆ ಗಂಟೆಗಿಂತ ತುಸು ಹೆಚ್ಚೇ ಕೂರಿ. ಬತ್ತಿದ ಮನಸ್ಸು ಎಲ್ಲವನ್ನೂ ಈಗಲೇ ತೀರ್ಮಾನಿಸಿಬಿಡೋಣ ಎಂದು ಅವಸರ ಮಾಡುತ್ತದೆ, ಅದರ ಮಾತಿಗೆ ಸಹಿ ಹಾಕಬೇಡಿ ಎಂಬುದು ಇದರ ತಾತ್ಪರ್ಯ.

ನಮ್ಮ ಕಾಲದ ದೊಡ್ಡ ನಿದರ್ಶನ ಮದರ್ ತೆರೇಸಾ. 1946ರ ಸೆಪ್ಟೆಂಬರ್ 10ರಂದು ಡಾರ್ಜಿಲಿಂಗಿಗೆ ಹೋಗುವ ರೈಲಿನಲ್ಲಿ ಅವರಿಗೆ ಬಡವರ ನಡುವೆ ಬದುಕುವ ಕರೆ ಕೇಳಿಸಿತು. ಕೆಲಸ ಶುರುವಾದ ಮೇಲೆ ಒಳಗಿನ ಆ ದನಿ ನಿಂತುಹೋಯಿತು. ದಶಕಗಳ ಕಾಲ ದೇವರ ಸಾನ್ನಿಧ್ಯದ ಅನುಭವವೇ ಇಲ್ಲದ ಕತ್ತಲಲ್ಲಿ ಇದ್ದೆನೆಂದು ಅವರು ಗುರುಗಳಿಗೆ ಬರೆದ ಪತ್ರಗಳು 2007ರಲ್ಲಿ ಪುಸ್ತಕವಾಗಿ ಬಂದಾಗ ಜಗತ್ತು ಬೆರಗಾಯಿತು. ಕೆಲವರು ಇದನ್ನು ಬೂಟಾಟಿಕೆಯೆಂದು ಕರೆದರು. ನಾನು ಅದನ್ನು ಬೇರೆ ರೀತಿ ಓದುತ್ತೇನೆ. ಅನುಭವ ಹೋದರೂ ಕಲ್ಕತ್ತೆಯ ಬೀದಿಯ ರೋಗಿ ಹೋಗಲಿಲ್ಲ. ಅವನು ಅಲ್ಲೇ ಬಿದ್ದಿದ್ದ. ಬೆಳಿಗ್ಗೆ ಎದ್ದು ಅವನ ಬಳಿಗೆ ಹೋಗಬೇಕಿತ್ತು. ಆ ಹೋಗುವಿಕೆಯನ್ನೇ ಅವರ ಪ್ರಾರ್ಥನೆಯೆಂದು ಎಣಿಸಬಾರದೇಕೆ?

ಇಲ್ಲಿ ವೈದ್ಯರು ಹೆಚ್ಚಿರುವುದರಿಂದ ಒಂದು ಎಚ್ಚರಿಕೆ. ಎಲ್ಲ ಒಣಗುವಿಕೆಯೂ ಆಧ್ಯಾತ್ಮಿಕವಲ್ಲ. ನಿದ್ದೆ ಬಾರದೆ, ಊಟ ಸೇರದೆ, ಬದುಕೇ ಬೇಡವೆನಿಸಿದ ವಿದ್ಯಾರ್ಥಿಗೆ ನಿನ್ನ ವಿಶ್ವಾಸ ಸಾಲದು ಎನ್ನುವುದು ಪಾಪ. ಆತ್ಮದ ಕತ್ತಲ ರಾತ್ರಿಯ ಬಗ್ಗೆ ಬರೆದ ಶಿಲುಬೆಯ ಸಂತ ಯೋವಾನರೇ ಅದನ್ನು ವಿಷಾದರೋಗದಿಂದ ಬೇರೆ ಮಾಡಿ ನೋಡಬೇಕೆಂದಿದ್ದಾರೆ. ವೈದ್ಯರ ಬಳಿಗೆ ಕರೆದುಕೊಂಡು ಹೋಗುವುದೂ ಪಾಲನೆಯ ಕೆಲಸವೇ.

6. ಹನ್ನೆರಡು ಜನ, ವಾರಕ್ಕೊಂದು ಪೆನ್ನಿ

ಒಬ್ಬರ ಉತ್ಸಾಹದ ಗತಿಯೇ ಹೀಗಾದರೆ ಒಂದು ಚಳವಳಿಯ ಉತ್ಸಾಹವನ್ನು ಉಳಿಸುವುದು ಹೇಗೆ? 1738ರ ಮೇ 24ರ ಸಂಜೆ ಲಂಡನ್ನಿನ ಒಂದು ಕೂಟದಲ್ಲಿ ಜಾನ್ ವೆಸ್ಲಿಯ ಹೃದಯ ಬೆಚ್ಚಗಾದದ್ದು ಪ್ರಸಿದ್ಧ ಕಥೆ. ಅಷ್ಟು ಪ್ರಸಿದ್ಧವಲ್ಲದ್ದು 1742ರ ಬ್ರಿಸ್ಟಲ್ ಪಟ್ಟಣದ ಸಾಲದ ಕಥೆ. ಕೂಟದ ಮನೆ ಕಟ್ಟಿದ ಸಾಲ ತೀರಿಸಲು ಪ್ರತಿ ಸದಸ್ಯ ವಾರಕ್ಕೊಂದು ಪೆನ್ನಿ ಕೊಡುವುದೆಂದಾಯಿತು. ಹನ್ನೆರಡು ಜನರಿಗೊಬ್ಬ ಮುಖಂಡ. ಅವನು ಮನೆಮನೆಗೆ ಹೋಗಿ ಪೆನ್ನಿ ಎತ್ತಬೇಕು. ಹೋದವನಿಗೆ ಕಂಡದ್ದು ಯಾರ ಮನೆಯಲ್ಲಿ ಕುಡಿತ, ಯಾರ ಮನೆಯಲ್ಲಿ ಕಾಯಿಲೆ, ಯಾರು ಕೂಟಕ್ಕೆ ಬರುವುದು ನಿಲ್ಲಿಸಿದ್ದಾರೆ ಎಂಬ ವಿವರ. ವೆಸ್ಲಿ ಅದರಲ್ಲಿ ತನ್ನ ಚಳವಳಿಯ ಬೆನ್ನೆಲುಬನ್ನೇ ಕಂಡನು. ಮೆಥಡಿಸ್ಟರ ವಾರದ ಸಣ್ಣ ಕೂಟಗಳು ಹುಟ್ಟಿದ್ದು ಹೀಗೆ. ನಮ್ಮ ಚರ್ಚುಗಳ ವಾಳೊಗಳ, ಅಂದರೆ ವಾರ್ಡುಗಳ, ಮುಖಂಡರಾದ ಗುರ್ಕಾರರೂ ಇದೇ ಕೆಲಸ ಮಾಡುವವರು, ವಂತಿಗೆ ಎತ್ತಲು ಬಂದವರು ಮನೆಯ ಕ್ಷೇಮವನ್ನೂ ಕೇಳಿದರೆ.

ಉಡುಪಿಯವರಿಗೆ ಇದು ಹೊಸ ಪಾಠವೂ ಅಲ್ಲ. ಕೃಷ್ಣಮಠದಲ್ಲಿ ಅಷ್ಟಮಠಗಳ ಪೂಜೆಯ ಸರದಿಯನ್ನು, ಅಂದರೆ ಪರ್ಯಾಯವನ್ನು, ವಾದಿರಾಜರು ಎರಡು ತಿಂಗಳಿಂದ ಎರಡು ವರ್ಷಕ್ಕೆ ಬದಲಿಸಿದರು. ಪರ್ಯಾಯದ ದಿನದ ವೈಭವವನ್ನು ಎಲ್ಲರೂ ನೋಡುತ್ತಾರೆ. ಅದಕ್ಕೆ ಬಹಳ ಮೊದಲೇ ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತಗಳು ನಡೆದಿರುತ್ತವೆ. ಎರಡು ವರ್ಷ ಬಂದವರಿಗೆಲ್ಲ ಅನ್ನ ಹಾಕಬೇಕಾದರೆ ಸೌದೆ ಒಣಗಿರಬೇಕು ಎಂಬ ತಿಳಿವಳಿಕೆ ಅದು. ಭಕ್ತಿಗೆ ಸೌದೆಯ ಲೆಕ್ಕ ಇಟ್ಟವರಿಂದ ಕ್ರೈಸ್ತರಾದ ನಾವು ಸಂಕೋಚವಿಲ್ಲದೆ ಕಲಿಯಬಹುದು.

7. ಹಳಸುವ ಬಗೆ, ಉಳಿಯುವ ಬಗೆ

ನಮ್ಮಲ್ಲಿ ವಿಶ್ವಾಸ ಹಳಸುವುದು ಹೆಚ್ಚಾಗಿ ಸಂಶಯದಿಂದಲ್ಲ, ಸುಖವಾಗಿ ನೆಲೆಯೂರಿದ್ದರಿಂದ. ಹಬ್ಬದ ಲೈಟಿಂಗ್ ಪಕ್ಕದ ಚರ್ಚಿಗಿಂತ ಜೋರಾಗಿರಬೇಕು. ಮಗುವಿನ ಮೊದಲ ಪರಮಪ್ರಸಾದಕ್ಕೆ ಮದುವೆಯಷ್ಟು ಖರ್ಚಾಗಬೇಕು. ಭಾನುವಾರ ಒಂದೇ ಪಾತ್ರೆಯಿಂದ ಪಾಲು ಪಡೆದವರು ಸೋಮವಾರ ಸಂಬಂಧ ಕುದುರಿಸುವಾಗ ಜಾತಿ ಕೇಳಬೇಕು. ಕೌಂಡಿನ್ಯರು 1844ರಲ್ಲಿ ಬಿಟ್ಟುಬಂದದ್ದನ್ನು ನಾವು ಹಿಂಬಾಗಿಲಿನಿಂದ ಒಳಗೆ ಕರೆದುಕೊಂಡಿದ್ದೇವೆ. ಇಂಥ ಸಭೆಯಲ್ಲಿ ಯಾವ ಧ್ಯಾನಕೂಟ ನಡೆಸಿದರೂ ಬಿಸಿ ಮೂರು ದಿನ ನಿಲ್ಲುತ್ತದೆ.

ಉಳಿಯುವ ಬಗೆಗೆ ದೂರ ಹೋಗಬೇಕಾಗಿಲ್ಲ. ಉಡುಪಿಯ ಹಳಬರು ಇಂದಿಗೂ ಮಿಷನ್ ಆಸ್ಪತ್ರೆ ಎಂದೇ ಕರೆಯುವ ಲೊಂಬಾರ್ಡ್ ಆಸ್ಪತ್ರೆಯನ್ನು ಸ್ವಿಸ್ ವೈದ್ಯೆ ಡಾ. ಈವಾ ಲೊಂಬಾರ್ಡ್ ಆರಂಭಿಸಿದ್ದು 1923ರಲ್ಲಿ, ಇಲ್ಲಿ ವೈದ್ಯಕೀಯ ಕಾಲೇಜು ಬರುವುದಕ್ಕೆ ಮೂವತ್ತು ವರ್ಷ ಮೊದಲು. ಗಂಡಸು ವೈದ್ಯರ ಮುಂದೆ ಬರಲು ಹೆಂಗಸರು ಹಿಂಜರಿಯುತ್ತಿದ್ದ ಕಾಲ ಅದು. ನೂರು ವರ್ಷ ದಾಟಿದ ಆ ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ದಾದಿಗೆ ನಸುಕಿನ ಮೂರಕ್ಕೆ ಭಕ್ತಿ ಉಕ್ಕುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಗಂಟೆ ಬಾರಿಸಿದಾಗ ಅವರು ಏಳುತ್ತಾರೆ. ಅವರ ವಿಶ್ವಾಸಕ್ಕೆ ಹೊಸತನ ಬರುವುದು ಹೊಸ ರೋಗಿಯಿಂದ.

ವಿದ್ಯಾರ್ಥಿಗಳಿಗೆ ನನ್ನ ಸಲಹೆ ಇಷ್ಟೆ. ಧ್ಯಾನಕೂಟಗಳಿಗೆ ಹೋಗಿ, ಬೇಡವೆನ್ನುವುದಿಲ್ಲ. ಮರಳಿ ಬಂದ ವಾರವೇ ಒಂದು ಜವಾಬ್ದಾರಿ ಹೊತ್ತುಕೊಳ್ಳಿ: ಗಾಯನವೃಂದದಲ್ಲಿ ಒಂದು ದನಿ, ಭಾನುವಾರದ ಶಾಲೆಯ ಒಂದು ತರಗತಿ, ಆಸ್ಪತ್ರೆಯ ವಾರ್ಡಿನಲ್ಲಿ ಬಂಧುಗಳಿಲ್ಲದ ಒಬ್ಬ ರೋಗಿಗೆ ವಾರಕ್ಕೊಂದು ಗಂಟೆ. ಚರ್ಚುಗಳ ಹಿರಿಯರಿಗೂ ಒಂದು ಮಾತು: ಹೊರಊರಿನಿಂದ ಬಂದ ಮಕ್ಕಳನ್ನು ಕೊನೆಯ ಬೆಂಚಿನ ಅತಿಥಿಗಳಂತೆ ನೋಡಬೇಡಿ. ಹೆಸರು ಕೇಳಿ, ಮನೆಗೆ ಊಟಕ್ಕೆ ಕರೆಯಿರಿ, ಕೆಲಸ ಹಚ್ಚಿ.

ವಿಶ್ವಾಸ ಇನ್ನೂ ಹಸಿಯಾಗಿದೆಯೇ ಎಂದು ಎದೆ ಮುಟ್ಟಿ ನೋಡಿಕೊಳ್ಳುವ ಬದಲು ಬೇರೊಂದು ಪ್ರಶ್ನೆ ಕೇಳಿಕೊಳ್ಳಿ: ಮುಂದಿನ ಭಾನುವಾರ ನಾನು ಬಾರದಿದ್ದರೆ ಯಾರ ಕೆಲಸ ನಿಲ್ಲುತ್ತದೆ, ಯಾರು ಬಾಗಿಲ ಕಡೆ ನೋಡುತ್ತಾರೆ? ಉತ್ತರದಲ್ಲಿ ಒಂದು ಹೆಸರಾದರೂ ಇದ್ದರೆ ಗಾಬರಿ ಬೇಡ. ಇಲ್ಲದಿದ್ದರೆ, ಆ ಹೆಸರನ್ನು ಹುಡುಕಿಕೊಳ್ಳುವುದೇ ಈ ವಾರದ ಪ್ರಾರ್ಥನೆಯಾಗಲಿ.